ನಾಲ್ಕು ಎಣಿಸಿದ ಮೇಲೆ ಬರುವ ಕಹಿ

ಮಟ್ಟಾಂಚೇರಿಯ ಮದ್ದಿನ ಬೇರಿನ ಪೇಟೆಯಲ್ಲಿ ದಾಮೋದರಣ್ಣನ ನಾಲಗೆಗೆ ಇದ್ದ ಮರ್ಯಾದೆ ಬೇರೆಯವರ ಇಡೀ ದೇಹಕ್ಕೆ ಇರಲಿಲ್ಲ. ಕುಂಬಳೆ ಕಡೆಯಿಂದ ಇಪ್ಪತ್ತನೆಯ ವಯಸ್ಸಿಗೆ ಬಂದು, ಬೇರಿನ ವ್ಯಾಪಾರದ ಧಣಿ ಅಚ್ಯುತನ್ ಮುದಲಾಳಿಯ ಮಳಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತವರು ನಲವತ್ತು ವರ್ಷ ಎದ್ದಿರಲಿಲ್ಲ. ಗುಡ್ಡದಿಂದ ಸರ್ಪಗಂಧದ ಬೇರಿನ ಮೂಟೆ ಬಂದರೆ ಮೊದಲು ಅವರ ಮುಂದೆ ಇಳಿಯಬೇಕು. ಅವರು ಮೂಟೆಯ ಬಾಯಿಗೆ ಕೈ ಹಾಕುವವರಲ್ಲ. ಹೊಟ್ಟೆಗೇ ಕೈ ಹಾಕಿ ಒಂದು ಬೇರು ಎಳೆಯುವರು, ಪಂಚೆಗೆ ಒರೆಸುವರು, ಉಗುರಿನಿಂದ ಎಳ್ಳಿನಷ್ಟು ತೊಗಟೆ ಕೆರೆದು ನಾಲಗೆಯ ಮೇಲಿಡುವರು. ಆಮೇಲೆ ಪೇಟೆಗೆ ಪೇಟೆಯೇ ಅವರ ಮುಖ ನೋಡುವುದು.

ಸರ್ಪಗಂಧದ ಕಹಿ ಹಾಗಲಕಾಯಿಯಂತೆ ಬಾಗಿಲಲ್ಲೇ ಕೂಗುವ ಜಾತಿಯದಲ್ಲ. ಅದು ನಾಲಗೆಯ ಹಿಂಬದಿಯಲ್ಲಿ ಸಾಲಗಾರನಂತೆ ಅಡಗಿ ಕೂತು, ಒಂದು, ಎರಡು, ಮೂರು ಎಣಿಸಿ ನಾಲ್ಕಕ್ಕೆ ಸರಿಯಾಗಿ ಎದ್ದು ಬರುತ್ತದೆ. ಆಗ ದಾಮೋದರಣ್ಣನ ಎಡಗಣ್ಣು ಮುಚ್ಚುವುದು, ಎರಡು ಕಿವಿ ಹಿಂದಕ್ಕೆ ಸರಿಯುವುದು, ಗಲ್ಲದ ಗುಳಿ ಒಳಗೆ ಹೋಗುವುದು, ಕೊನೆಗೆ ಹಿತ್ತಾಳೆಯ ಬೋಗುಣಿಗೆ ಒಂದು ‘ಥೂ’. ಅಷ್ಟಾದರೆ ಮಾಲು ಪಾಸು. ರುಚಿ ಇವರದು, ರುಜು ಮುದಲಾಳಿಯದು. ಹಮಾಲಿಗಳು ಆ ಮುಖವನ್ನು ಅಣಕಿಸುತ್ತಿದ್ದರು. ಹಮಾಲಿಗಳು ಅಣಕಿಸುವುದನ್ನು ದಾಮೋದರಣ್ಣ ಅಣಕಿಸುತ್ತಿದ್ದರು. ಎರ್ನಾಕುಳದ ದೋಣಿಯ ಸೀಟಿ, ಮುದಲಾಳಿಯ ಗೊರಕೆ, ತೂಕದವನ ಕೆಮ್ಮು, ಯಾವುದೂ ಅವರ ಗಂಟಲಿಗೆ ಅನ್ಯವಲ್ಲ.

ಮಗಳು ಕುಸುಮಾವತಿ ಚಿಕ್ಕವಳಿದ್ದಾಗ ಶಾಲೆ ಬಿಟ್ಟವಳು ಸೀದಾ ಮಳಿಗೆಗೆ ಬಂದು ಬೋಗುಣಿಯ ಪಕ್ಕ ಕೂರುತ್ತಿದ್ದಳು. ಅಪ್ಪನ ನಾಲಗೆಗೆ ತೊಗಟೆ ಬಿದ್ದ ಕೂಡಲೇ ಎಣಿಸುವುದು ಅವಳ ಕೆಲಸ. “ಒಂದು, ಎರಡು, ಮೂರು...” ನಾಲ್ಕಕ್ಕೆ ಮುಖ ಹಿಂಡಿದರೆ ಚಪ್ಪಾಳೆ. ಐದಾದರೂ ಮುಖ ನೆಟ್ಟಗಿದ್ದರೆ, “ಕಳ್ಳ ಬೇರು! ಕಳ್ಳ ಬೇರು!” ಅದೇ ಹುಡುಗಿ ಮುಂದೆ ರಸಾಯನ ಶಾಸ್ತ್ರ ಓದಿ, ತಿರುವನಂತಪುರದ ಒಂದು ಕೇಂದ್ರ ಸರಕಾರಿ ಲ್ಯಾಬಿಗೆ ಸೇರಿದಳು. ಯಾರು ಕೇಳಿದರೂ ಹೇಳುವಳು: “ನನ್ನ ಮೊದಲ ಲ್ಯಾಬು ಅಪ್ಪನ ಬಾಯಿ.”

ಆ ಲ್ಯಾಬು ಮುಚ್ಚಿ ಎರಡು ವರ್ಷವಾಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೆರಡರ ಮಳೆಗಾಲದಲ್ಲಿ ದಾಮೋದರಣ್ಣನಿಗೆ ಹತ್ತು ದಿನ ಜ್ವರ ಬಂದಿತ್ತು. ಹನ್ನೊಂದನೆಯ ದಿನ ಜ್ವರ ಹೋಯಿತು. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಹೆಂಡತಿ ರತ್ನಮ್ಮ ತಂದಿಟ್ಟ ಮೆಣಸಿನ ಸಾರು ಬಾಯಿಗೆ ಬಿಸಿಯಾಗಿ ಬಂತು, ಒದ್ದೆಯಾಗಿ ಬಂತು, ಮತ್ತೇನಾಗಿಯೂ ಬರಲಿಲ್ಲ. “ಭಾರಿ ಒಳ್ಳೆದಾಗಿದೆ” ಎಂದರು, ಅಭ್ಯಾಸಬಲದಿಂದ. ಒಂದು ತಿಂಗಳು ಕಾದರು. ಉಪ್ಪು, ಹುಳಿ, ಬೆಲ್ಲ, ಬೇವು ಎಲ್ಲ ಒಂದೇ ಮನೆಯ ಅಕ್ಕಿಯ ಹಾಗೆ. ರುಚಿಯಿಲ್ಲದ ರುಚಿಗಾರನೆಂದರೆ ಸೀಟಿಯಿಲ್ಲದ ದೋಣಿ, ಯಾರು ಹತ್ತುತ್ತಾರೆ?

ಆಗ ದಾಮೋದರಣ್ಣ ತಮ್ಮ ಜೀವನದ ಅತಿ ದೊಡ್ಡ ಮಿಮಿಕ್ರಿ ಶುರು ಮಾಡಿದರು. ತಮ್ಮನ್ನೇ ಅಣಕಿಸತೊಡಗಿದರು. ಅದೇ ಎಡಗಣ್ಣು, ಅದೇ ಕಿವಿ, ಅದೇ ‘ಥೂ’. ನಿಜವಾದ ಪರೀಕ್ಷೆ ಮಾತ್ರ ನಾಲಗೆಗೆ ಹೋಗುವ ಮೊದಲೇ ಮುಗಿದಿರುತ್ತಿತ್ತು, ಬೇರನ್ನು ಮುರಿಯುವಾಗ. ಗುಡ್ಡದ ಬಿಸಿಲಲ್ಲಿ ಬಾಯಾರಿ ಬೆಳೆದ ಬೇರು ‘ಟಕ್’ ಎನ್ನುತ್ತದೆ, ಚಿಟಿಕೆ ಹೊಡೆದ ಹಾಗೆ. ಹಸಿ ಉಳಿದದ್ದು ‘ಠಸ್’. ಬೇರೆ ಜಾತಿಯ ಕಳ್ಳ ಬೇರು ನಾರು ಬಿಟ್ಟುಕೊಂಡು ‘ಚರ್‌ರ್’. ನಲವತ್ತು ವರ್ಷ ನಾಲಗೆ ಮೆರೆಯುತ್ತಿದ್ದಾಗ ಕಿವಿ ಮತ್ತು ಬೆರಳು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕಲಿತಿದ್ದವು. ಎರಡು ವರ್ಷದಲ್ಲಿ ಒಂದು ಮೂಟೆಯೂ ತಪ್ಪಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ ಎಂದು ಅವರು ತಿಳಿದಿದ್ದರು.

ಎಪ್ಪತ್ತನಾಲ್ಕರ ಮಾರ್ಚಿನಲ್ಲಿ ಕುಸುಮಳ ಇನ್‌ಲ್ಯಾಂಡ್ ಪತ್ರ ಬಂತು. ಅಮ್ಮನಿಂದ ಕಲಿತ ಕನ್ನಡ ಅಕ್ಷರ, ಮಲಯಾಳದ ಹಾಗೆ ದುಂಡಗೆ ಉರುಳುವ ಕೈ. ಮೂರು ವರ್ಷದಿಂದ ಅವಳು ಸರ್ಪಗಂಧದ ಚಿಗುರಿನ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ, ಸಕ್ಕರೆಯ ಪಾಕದ ಮೇಲೆ, ಹತ್ತಿಯ ಬಿರಡೆ ಹಾಕಿ ಬೆಳೆಸುತ್ತಿದ್ದಳು. ಬೇರು ಬಿಟ್ಟ ಮೇಲೆ ಕುಂಡಕ್ಕೆ ಇಳಿಸಿ ಒಂದೂವರೆ ವರ್ಷ ಸಾಕುವುದು. ಈ ಬಾಟಲಿ ಗಿಡದ ಬೇರಿನಲ್ಲೂ ಕಾಡಿನ ಬೇರಿನಷ್ಟೇ ಮದ್ದಿನ ಸತ್ವ ಇದ್ದರೆ ಗುಡ್ಡ ಬಗೆದು ಬರಿದು ಮಾಡುವುದು ತಪ್ಪುತ್ತದೆ ಎಂಬುದು ಅವಳ ಆಸೆ. ಆ ಆಸೆಯ ಬೆಲೆ ದಾಮೋದರಣ್ಣನಿಗೆ ಗೊತ್ತಿತ್ತು. ಅವರು ಪೇಟೆಗೆ ಬಂದ ಕಾಲದಲ್ಲಿ ಹೆಬ್ಬೆರಳಿನಷ್ಟು ಇದ್ದ ಬೇರು ಈಗ ಬೆಂಕಿಕಡ್ಡಿಯ ನೆಂಟನಾಗಿತ್ತು.

“ಯಂತ್ರದಲ್ಲಿ ನೋಡಿದ್ದೇವೆ, ಬಾಟಲಿಯದು ಸ್ವಲ್ಪ ಸಪ್ಪೆ ಅನ್ನುತ್ತದೆ,” ಎಂದು ಬರೆದಿದ್ದಳು. “ನಮ್ಮ ಡಾಕ್ಟರ್ ಕೃಷ್ಣಾನಂದ ಸಾರ್‌ಗೆ ನಾಲಗೆಯಲ್ಲಿಯೂ ನೋಡಬೇಕಂತೆ. ಎಂಟು ಮಾದರಿ, ಯಾವುದು ಕಾಡಿನದು, ಯಾವುದು ಬಾಟಲಿಯದು ಅಂತ ಸಾರ್‌ಗೆ ಮಾತ್ರ ಗೊತ್ತು, ಲಕೋಟೆಯಲ್ಲಿ ಮುಚ್ಚಿಟ್ಟಿದ್ದಾರೆ. ನನ್ನ ಅಪ್ಪನ ನಾಲಗೆಯ ಎದುರು ಯಾವ ಯಂತ್ರವೂ ಇಲ್ಲ ಅಂತ ಎಲ್ಲರ ಹತ್ರ ಹೇಳಿ ಆಗಿದೆ. ಶುಕ್ರವಾರ ಬನ್ನಿ. ಇಲ್ಲ ಅನ್ನಬೇಡಿ.”

ಇಲ್ಲ ಅನ್ನಲು ಅವರು ಬಾಯಿ ತೆರೆದರು. ಆದರೆ ಆ ಹೊತ್ತಿಗೆ ರತ್ನಮ್ಮ ಪಂಚೆಗೆ ಇಸ್ತ್ರಿ ಹಾಕಿಸಿ ತಂದಾಗಿತ್ತು.

“ಹೋಗಿ ಬನ್ನಿ. ಮಗಳು ಕರೆದದ್ದು,” ಎಂದರು ರತ್ನಮ್ಮ.

“ಹೋಗ್ಲಿಕ್ಕೆ ಎಂತ ತೊಂದರೆ? ನನ್ನ ನಾಲಗೆಗೆ ಸ್ವಲ್ಪ ಗರ್ವ ಬಂದೀತು ಅಂತ ಹೆದರಿಕೆ.”

“ಬರ್ಲಿ ಬಿಡಿ,” ಎಂದರು ರತ್ನಮ್ಮ, ಅವರ ಮುಖ ನೋಡದೆ. ಮೂರು ಅಂತಸ್ತಿನ ಬುತ್ತಿ ಕೊಟ್ಟರು. ಜೊತೆಗೆ ಬಟ್ಟೆ ಸುತ್ತಿ ಬಿಗಿದ ಒಂದು ಬಿಸ್ಕತ್ತಿನ ಡಬ್ಬಿ. “ಇದನ್ನು ಕುಸುಮನ ಕೈಗೆ ಕೊಡಿ. ದಾರಿಯಲ್ಲಿ ಬಿಚ್ಚಬೇಡಿ, ಗಾಳಿ ಹೋಗ್ಬಾರ್ದು.”

ರೈಲಿನಲ್ಲಿ ದಾಮೋದರಣ್ಣ ಧೈರ್ಯ ಹೇಳಿಕೊಂಡರು. ಕಾಡಿನ ಬೇರಾದರೆ ಟಕ್, ಬಾಟಲಿಯದಾದರೆ ಠಸ್. ಎಂಟು ಬೇರು ಮುರಿದರೆ ಮುಗಿಯಿತು. ಬೇರು ಬೇರೆಯಾದರೂ ಕಿವಿ ಅದೇ ಅಲ್ಲವೇ?

ಲ್ಯಾಬಿನ ಬಾಗಿಲಲ್ಲೇ ಡಾಕ್ಟರ್ ಕೃಷ್ಣಾನಂದ ಕಾದಿದ್ದರು. ಮೈಸೂರಿನವರು, ಇಲ್ಲಿಗೆ ವರ್ಗವಾಗಿ ಬಂದು ಆರು ವರ್ಷವಾದರೂ ಕನ್ನಡ ಕೇಳಿದರೆ ಹಬ್ಬ ಮಾಡುವ ಮನುಷ್ಯ. “ಬನ್ನಿ, ಬನ್ನಿ ಸಾರ್! ನಿಮ್ಮ ನಾಲಗೆ ವಿಷಯ ಕೇಳೀ ಕೇಳೀ ನನ್ನ ಕಿವಿನೇ ಕಹಿಯಾಗ್ಹೋಗಿದೆ. ನಿಮ್ಮ ಮಗಳು ದಿನಕ್ಕೆ ಮೂರು ಸಲ, ಊಟಕ್ಕೆ ಮೊದಲು, ಊಟದ ನಂತರ, ಔಷಧಿ ಕೊಟ್ಟ ಹಾಗೆ ಹೇಳ್ತಾರೆ!”

ದಾಮೋದರಣ್ಣ ನಕ್ಕರು. ಮೇಜು ನೋಡಿದ ಕೂಡಲೇ ನಗು ನಿಂತಿತು.

ಮೇಜಿನ ಮೇಲೆ ಎಂಟು ಪುಟ್ಟ ಗಾಜಿನ ತಟ್ಟೆ. ಪ್ರತಿ ತಟ್ಟೆಯಲ್ಲಿ ಒಂದೊಂದು ಚಿಟಿಕೆ ಬೂದು ಪುಡಿ. ಎಂಟೂ ಒಂದೇ ಜರಡಿಯಲ್ಲಿ ಇಳಿದದ್ದು, ಒಂದೇ ತಾಯಿಯ ಎಂಟು ಮಕ್ಕಳ ಹಾಗೆ ಕೂತಿದ್ದವು.

“ಬೇರು ಎಲ್ಲಿ?” ಎಂದರು. ಧ್ವನಿ ಅವರದೇ ಆಗಿತ್ತು, ಯಾರನ್ನೂ ಅಣಕಿಸಿದ್ದಲ್ಲ.

“ಇದೇ ಬೇರು ಸಾರ್, ಪುಡಿ ಮಾಡಿಸಿದ್ದೀನಿ. ಇಡೀ ಬೇರು ಕೊಟ್ರೆ ಕಣ್ಣು ಹೇಳ್ಬಿಡತ್ತೆ, ಕೈ ಹೇಳ್ಬಿಡತ್ತೆ. ನಮಗೆ ನಾಲಗೆ ಸಾಕ್ಷಿ ಮಾತ್ರ ಬೇಕು.”

ಕುಸುಮ ಪುಸ್ತಕ ತೆರೆದು, ಪೆನ್ನು ಹಿಡಿದು ಪಕ್ಕಕ್ಕೆ ಬಂದು ನಿಂತಳು. ಇಪ್ಪತ್ತೆಂಟು ವರ್ಷದ ಹೆಂಗಸು, ಬಿಳಿ ಕೋಟು. ಕಣ್ಣು ಮಾತ್ರ ಬೋಗುಣಿಯ ಪಕ್ಕ ಕೂರುತ್ತಿದ್ದ ಹುಡುಗಿಯದು. ದಾಮೋದರಣ್ಣನಿಗೆ ಓಡಿಹೋಗಲು ಎಲ್ಲಿಯೂ ಜಾಗವಿರಲಿಲ್ಲ. ಬೆರಳು ಒದ್ದೆ ಮಾಡಿ ಮೊದಲ ಪುಡಿ ಮುಟ್ಟಿ ನಾಲಗೆಗಿಟ್ಟರು. ಮಣ್ಣು. ಎಡಗಣ್ಣು ಮುಚ್ಚಿದರು, ಕಿವಿ ಸರಿಸಿದರು, ಗಲ್ಲ ಎಳೆದರು. “ಥೂ. ಕಾಡಿನದು.”

ಕುಸುಮ ಬರೆದುಕೊಂಡಳು. ಎರಡನೆಯದು. ಮಣ್ಣು. ಕಣ್ಣು, ಕಿವಿ, ಗಲ್ಲ. “ಥೂ. ಇದೂ... ಕಾಡಿನದೇ.”

ಪೆನ್ನು ಓಡಲಿಲ್ಲ. ತಲೆ ಎತ್ತಿ ನೋಡಿದರು. ಮಗಳು ಪುಸ್ತಕ ನೋಡುತ್ತಿರಲಿಲ್ಲ, ಅವರ ಮುಖ ನೋಡುತ್ತಿದ್ದಳು. ಅವಳ ತುಟಿ ಸಣ್ಣಗೆ, ಎಣಿಸುವವರ ಹಾಗೆ, ಅರ್ಧ ತೆರೆದಿತ್ತು. ಮೂರನೆಯ ತಟ್ಟೆಗೆ ಅವರ ಬೆರಳು ಹೋಗುವಷ್ಟರಲ್ಲಿ ಪುಸ್ತಕ ಪಟ್ಟನೆ ಮುಚ್ಚಿತು.

“ಸಾರ್, ಒಂದು ತಪ್ಪಾಯ್ತು,” ಎಂದಳು ಕುಸುಮ. “ಅಪ್ಪ ರೈಲಲ್ಲಿ ಎಲೆಅಡಿಕೆ ಹಾಕಿದ್ದಾರೆ. ಬಾಯಿ ಸರಿಯಾಗ್ಲಿಕ್ಕೆ ಒಂದು ಗಂಟೆ ಬೇಕು. ಊಟ ಮಾಡಿ ಬರ್ತೇವೆ.”

“ಓಹೋ, ಧಾರಾಳವಾಗಿ. ತಾಂಬೂಲದ ಮುಂದೆ ವಿಜ್ಞಾನ ಕಾಯ್ಲೇಬೇಕು,” ಎಂದರು ಕೃಷ್ಣಾನಂದ.

ದಾಮೋದರಣ್ಣ ಹುಟ್ಟಿದಾರಭ್ಯ ಎಲೆ ಹಾಕಿದವರಲ್ಲ. ನಾಲಗೆಯಿಂದ ಉಣ್ಣುವವನು ನಾಲಗೆಗೆ ಸುಣ್ಣ ಹಚ್ಚುತ್ತಾನೆಯೇ? ಅದು ಕುಸುಮಳಿಗೆ ಗೊತ್ತು. ಅವಳಿಗೆ ಗೊತ್ತೆಂದು ಅವರಿಗೆ ಗೊತ್ತು. ಇಬ್ಬರೂ ಬುತ್ತಿ, ಡಬ್ಬಿ ಹಿಡಿದು ಹಿತ್ತಿಲಿನ ಗಾಜಿನ ಮನೆಗೆ ನಡೆದರು. ಒಳಗೆ ಕುಂಡಗಳ ಸಾಲು. ಎಲೆ ಹೊಳೆಯುವ, ಒಂದು ತೂತೂ ಇಲ್ಲದ, ಸ್ನಾನ ಮಾಡಿ ಕೂತ ಮಕ್ಕಳಂಥ ಗಿಡಗಳು.

“ನಾನು ಯಾವಾಗ ಎಲೆ ಹಾಕಿದ್ದು ಮಗಾ?”

“ನೀವು ಯಾವಾಗಿನಿಂದ ಎರಡಕ್ಕೇ ಮುಖ ಹಿಂಡ್ಲಿಕ್ಕೆ ಶುರು ಮಾಡಿದ್ದು?”

ದಾಮೋದರಣ್ಣ ಕುಂಡದ ಅಂಚಿನ ಮೇಲೆ ಕೂತರು. ಕಹಿ ಇಲ್ಲದ ಮೇಲೆ ಕಾಯುವುದು ಯಾರಿಗಾಗಿ? ಎರಡು ವರ್ಷದಲ್ಲಿ ಅವರಿಗೇ ತಿಳಿಯದೆ ನಾಲ್ಕು ಮೂರಾಗಿ, ಮೂರು ಎರಡಾಗಿತ್ತು. ಪೇಟೆಯವರೆಲ್ಲ ಮುಖ ನೋಡುತ್ತಿದ್ದರು. ಎಣಿಸುತ್ತಿದ್ದವಳು ಇವಳೊಬ್ಬಳೇ.

“ಆ ಮಳೆಗಾಲದ ಜ್ವರ,” ಎಂದರು. “ಎಲ್ಲ ಹೋಯ್ತು. ಉಪ್ಪೂ ಇಲ್ಲ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಎಂತಂತ ಹೇಳುವುದು? ನಿನ್ನ ಮೊದಲ ಲ್ಯಾಬಿಗೆ ಬೀಗ ಬಿದ್ದಿದೆ ಅಂತಲಾ?”

ಕುಸುಮ ಅತ್ತ ತಿರುಗಿ ಒಂದು ಎಲೆಯ ಧೂಳು ಒರೆಸಿದಳು. ಎಲೆಯ ಮೇಲೆ ಧೂಳು ಇರಲಿಲ್ಲ. “ಸಾರಮಿಲ್ಲ ಅಪ್ಪಾ,” ಎಂದಳು. ದುಃಖ ಬಂದಾಗ, ಪರವಾಗಿಲ್ಲ ಎನ್ನುವುದಕ್ಕೂ ಅವಳಿಗೆ ಮಲಯಾಳವೇ ಮೊದಲು ಬರುವುದು. “ನಾನೊಂದು ಮಾಡ್ತೇನೆ. ಸಾರ್ ನೋಡದ ಹಾಗೆ ಪುಡಿಯ ರುಚಿ ನಾನು ನೋಡ್ತೇನೆ, ಹಿಂದೆ ನಿಂತು ಕೆಮ್ಮುತ್ತೇನೆ. ಒಂದು ಕೆಮ್ಮಿದ್ರೆ ಕಾಡು, ಎರಡು ಕೆಮ್ಮಿದ್ರೆ ಬಾಟಲಿ.”

“ಮೂರು ಕೆಮ್ಮಿದ್ರೆ ಡಾಕ್ಟರರಿಗೆ ಕ್ಷಯರೋಗ ಅಂತ ಸಂಶಯ,” ಎಂದರು ದಾಮೋದರಣ್ಣ. ಇಬ್ಬರಿಗೂ ನಗು ಬಂತು. ಬಂದದ್ದು ಬೇಗ ಹೋಯಿತು. “ಬೇಡ ಮಗಾ. ಮೂರು ವರ್ಷ ನೀನು ಬೆಳೆಸಿದ್ದಕ್ಕೆ ನೀನೇ ಕೆಮ್ಮುವುದಾ? ಆ ಪುಸ್ತಕದಲ್ಲಿ ನನ್ನ ಒಂದು ಸುಳ್ಳು ಆಗ್ಲೇ ಬಿದ್ದಿದೆ. ನಾಳೆ ಅದನ್ನು ನಂಬಿ ನೀನು ಲೆಕ್ಕ ಹಾಕ್ತೀ. ನನ್ನ ಹೆಸರು ಉಳಿಸ್ಲಿಕ್ಕೆ ನಿನ್ನ ಬೇರು ಕೀಳುವುದು ಬೇಡ.”

“ಎಲ್ಲರ ಎದುರು ಹೇಳ್ತೀರಾ?”

“ಮೊದ್ಲು ಊಟ ಹಾಕು.”

ಕುಸುಮ ಬುತ್ತಿ ಬಿಚ್ಚಿದಳು. ಅನ್ನ, ಸಾಂಬಾರು, ಪಲ್ಯ. ಆಮೇಲೆ ಬಿಸ್ಕತ್ತಿನ ಡಬ್ಬಿಯ ಬಟ್ಟೆ ಬಿಚ್ಚಿದರೆ, ಒಳಗೆ ಹಲಸಿನ ಹಪ್ಪಳ, ಒಂದೂ ಮುರಿಯದೆ, ಒಂದೂ ಮೆತ್ತಗಾಗದೆ. ಮೇಲೊಂದು ಚೀಟಿ. ಕುಸುಮ ಅದನ್ನು ಓದಿ ಅಪ್ಪನ ಕೈಗೆ ಕೊಟ್ಟಳು.

“ಕುಸುಮಾ, ಅಪ್ಪನಿಗೆ ಮೊದಲು ಹಪ್ಪಳ ಬಡಿಸು. ಈಗೀಗ ಅವರು ಸದ್ದು ಇದ್ದರೆ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ. ನಾನು ಹೇಳಿದ್ದು ಅಂತ ಹೇಳಬೇಡ.”

ದಾಮೋದರಣ್ಣನ ಕೈಯಲ್ಲಿ ಚೀಟಿ ಹಾಗೇ ಉಳಿಯಿತು. ಎರಡು ವರ್ಷದಿಂದ ಮನೆಯಲ್ಲಿ ಹಪ್ಪಳ ಇಲ್ಲದ ಊಟವಿರಲಿಲ್ಲ. ಹಪ್ಪಳ ಇಲ್ಲದ ದಿನ ಸಂಡಿಗೆ, ಸಂಡಿಗೆ ಇಲ್ಲದ ದಿನ ಹುರಿದ ನೆಲಗಡಲೆ. “ಎಂತ ಮಾರಾಯ್ತಿ, ಹಪ್ಪಳದ ಕಾರ್ಖಾನೆ ಇಟ್ಟಿದ್ದೀಯಾ?” ಎಂದು ಅವರೇ ಗೇಲಿ ಮಾಡಿದ್ದರು. ಮೆಣಸಿನ ಸಾರಿನ ಆ ಮೊದಲ ದಿನ ನೆನಪಾಯಿತು. ಒಲೆಯ ಹತ್ತಿರ ಹೋದ ರತ್ನಮ್ಮ ಸಾರಿನ ಸೌಟು ಬಾಯಿಗಿಟ್ಟು ಒಂದು ಕ್ಷಣ ನಿಂತು, ಉಪ್ಪಿನ ಮರಿಗೆಗೆ ಕೈ ಹಾಕಿದ್ದರು. ಉಪ್ಪೇ ಬೀಳದ ಸಾರಿಗೆ ಇವರು ‘ಭಾರಿ ಒಳ್ಳೆದು’ ಎಂದಿದ್ದರು!

“ಅಮ್ಮನಿಗೆ ಗೊತ್ತುಂಟು,” ಎಂದಳು ಕುಸುಮ.

“ಹೌದು,” ಎಂದರು. ಒಂದು ಹಪ್ಪಳ ಮುರಿದರು. ಆ ಸದ್ದು ಗಾಜಿನ ಮನೆಗೆಲ್ಲ ಕೇಳಿಸಿತು.

ಊಟವಾದ ಮೇಲೆ ಅವರೇ ಒಂದು ಕುಂಡದ ಗಿಡ ಕಿತ್ತು ಕೊಡೆಂದರು. ಬೇರು ದಪ್ಪಗಿತ್ತು, ಬೆಳ್ಳಗಿತ್ತು, ನೆಟ್ಟಗೆ ಇಳಿದಿತ್ತು. ಉಗುರು ಹಾಕಿದರು. “ನೋಡು. ಒಳಗೆ ಬರೀ ಕಟ್ಟಿಗೆ. ತೊಗಟೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಕಾಡಿನದರಲ್ಲಿ ಕಟ್ಟಿಗೆ ಕಡ್ಡಿಯಷ್ಟು, ತೊಗಟೆ ದಪ್ಪ. ನಾನು ಕೆರೆದು ನಾಲಗೆಗೆ ಇಡ್ತಾ ಇದ್ದದ್ದು ತೊಗಟೆ ಮಾತ್ರ. ನೀವು ಪುಡಿ ಮಾಡುವುದು ಎಂತದನ್ನು?”

“ಇಡೀ ಬೇರನ್ನು,” ಎಂದವಳು ಅಲ್ಲಿಗೇ ನಿಂತಳು. “ಅಂದ್ರೆ ಸತ್ವ ತೊಗಟೆಯಲ್ಲಿ... ಕಟ್ಟಿಗೆ ಸೇರಿ ತೆಳು ಆಗ್ತಾ ಉಂಟು. ಅಪ್ಪಾ, ಅದು ಪುಸ್ತಕದಲ್ಲೇ ಉಂಟಲ್ಲ! ಸತ್ವ ತೊಗಟೆಯಲ್ಲಿ ಅಂತ ನಾನೇ ಪರೀಕ್ಷೆಯಲ್ಲಿ ಬರ್ದಿದ್ದೇನೆ!”

“ಎಷ್ಟು ಮಾರ್ಕು ಸಿಕ್ಕಿತ್ತು?”

“ಪೂರ್ತಿ.”

“ಹಾಗಾದ್ರೆ ಮರೆಯದೆ ಇರ್ತದಾ? ಪೂರ್ತಿ ಮಾರ್ಕು ಸಿಕ್ಕಿದ್ದೇ ಮೊದ್ಲು ಮರೆಯುವುದು. ಇನ್ನೊಂದು. ಈ ಗಿಡಕ್ಕೆ ಒಂದು ದಿನವಾದ್ರೂ ಬಾಯಾರಿದ್ದುಂಟಾ? ಒಂದು ಹುಳ ಕಚ್ಚಿದ್ದುಂಟಾ? ಹುಳಕ್ಕೆ ಹೆದರಿ ಗಿಡ ಕಹಿ ಮಾಡ್ಕೊಳ್ಳುವುದು ಅಂತ ಗುಡ್ಡದವರು ಹೇಳ್ತಾರೆ. ಹೌದೋ ಅಲ್ಲವೋ ನೀನು ನೋಡು.”

ಮೇಜಿನ ಎದುರು ಮತ್ತೆ ನಿಂತಾಗ ದಾಮೋದರಣ್ಣ ತಟ್ಟೆಗಳನ್ನು ಮುಟ್ಟಲಿಲ್ಲ. “ಡಾಕ್ಟ್ರೇ, ಎಲೆ ಹಾಕಿದ್ದು ಸುಳ್ಳು. ನನ್ನ ನಾಲಗೆ ಹೋಗಿ ಎರಡು ವರ್ಷ ಆಯ್ತು. ಬೆಳಗ್ಗೆ ಹೇಳಿದ ಎರಡೂ ಅಂದಾಜು. ಪುಸ್ತಕದಲ್ಲಿ ಬರೆದದ್ದನ್ನು ಹೊಡೆದು ಹಾಕಿ. ಮಗಳಿಗೆ ಇದು ಗೊತ್ತಿರ್ಲಿಲ್ಲ. ತಪ್ಪು ನನ್ನದು.”

ಕೃಷ್ಣಾನಂದರು ಕನ್ನಡಕ ತೆಗೆದರು. “ಎರಡು ವರ್ಷದಿಂದ ಪೇಟೆಯಲ್ಲಿ ಮಾಲು ಪಾಸು ಮಾಡ್ತಾ ಇದ್ದೀರಲ್ಲ ಸಾರ್, ಹೇಗೆ?”

“ಮುರಿದು, ಕೇಳಿ.”

ಕೃಷ್ಣಾನಂದರು ಕನ್ನಡಕ ಮತ್ತೆ ಹಾಕಿಕೊಂಡು, ಬೀರು ತೆರೆದು ಎಂಟು ಕಾಗದದ ಪೊಟ್ಟಣ ತಂದರು. ಅದೇ ಎಂಟು ಮಾದರಿಗಳ ಉಳಿದ ಬೇರು, ಪುಡಿಯಾಗದೆ ಒಣಗಿದ್ದವು. ತಮ್ಮ ಕರ್ಚೀಫಿನಿಂದ ತಾವೇ ದಾಮೋದರಣ್ಣನ ಕಣ್ಣು ಕಟ್ಟಿದರು. “ಫ್ಯಾನ್ ಆರಿಸ್ರೀ. ಆ ಫ್ರಿಜ್ಜೂ. ಯಾರೂ ಕುರ್ಚಿ ಎಳೀಬೇಡಿ.”

ಮಾರ್ಚಿನ ಸೆಕೆಯಲ್ಲಿ ಲ್ಯಾಬು ಉಸಿರು ಹಿಡಿದು ನಿಂತಿತು. ಕುಸುಮ ಒಂದೊಂದೇ ಬೇರು ಕೈಗೆ ಕೊಟ್ಟಳು. ಅವರು ಕಿವಿಯ ಹತ್ತಿರ ಹಿಡಿದು ಮುರಿದರು. ಟಕ್. “ಕಾಡು.” ಠಸ್. “ಬಾಟಲಿ.” ಈ ಸಲ ಮುಖ ಹಿಂಡುವ ಅಗತ್ಯವಿರಲಿಲ್ಲ. ಕಟ್ಟಿದ ಕಣ್ಣಿನ ಕೆಳಗೆ ಅವರ ಮುಖ, ಕುಸುಮ ಎಂದೂ ನೋಡದಷ್ಟು, ಸುಮ್ಮನಿತ್ತು.

ಲಕೋಟೆ ಒಡೆದಾಗ ಎಂಟರಲ್ಲಿ ಆರು ಸರಿ. ಐದನೆಯದನ್ನು ಅವರು “ನೀರು ಕುಡಿದು ಬೆಳೆದದ್ದು, ಬಾಟಲಿ” ಎಂದಿದ್ದರು. ಅದು ಕಾಡಿನದು.

“ಅದು ಎಲ್ಲಿಂದ ತಂದದ್ದು?” ಎಂದರು ದಾಮೋದರಣ್ಣ, ಕಟ್ಟು ಬಿಚ್ಚುತ್ತ.

ಕೃಷ್ಣಾನಂದರು ರಿಜಿಸ್ಟರ್ ತಿರುವಿದರು. “ತೊರೆ ದಂಡೆ ಅಂತ ಬರೆದಿದೆ...” ಬೆರಳು ಇನ್ನೊಂದು ಕಾಲಮಿಗೆ ಸರಿಯಿತು. “ನೋಡಿ ಇಲ್ಲಿ! ಯಂತ್ರದಲ್ಲಿ ಕಾಡಿನ ನಾಲ್ಕರಲ್ಲಿ ಇದೇ ಅತಿ ಸಪ್ಪೆ. ಬಾಟಲಿ ಹತ್ರಕ್ಕೇ ಬಂದಿದೆ. ಹಾಗಾದ್ರೆ ಕಾಡಲ್ಲಿ ಹುಟ್ಟಿದ್ರೆ ಸಾಲದು, ಕಷ್ಟಾನೂ ಪಡ್ಬೇಕು ಅಂತೀರಿ. ಸರಿ, ಎಂಟನೇದು? ಅದಕ್ಕೇನ್ ಸಮಾಧಾನ?”

“ಅದಕ್ಕೆಂತ ಸಮಾಧಾನ, ತಪ್ಪಿದೆ. ನಿಮ್ಮ ಯಂತ್ರ ತಪ್ಪುವುದಿಲ್ವಾ?”

“ತಪ್ಪತ್ತೆ ಸಾರ್. ಒಪ್ಕೊಳಲ್ಲ, ಅಷ್ಟೇ.”

ಸೋಮವಾರ ಬೆಳಗ್ಗೆ ದಾಮೋದರಣ್ಣ ಮಳಿಗೆಗೆ ಹೋಗಿ ಅಚ್ಯುತನ್ ಮುದಲಾಳಿಗೆ ಎಲ್ಲ ಹೇಳಿದರು. ಮುದಲಾಳಿ ಮೂಟೆಗಳ ಕಡೆ ನೋಡಿದ. ಆಮೇಲೆ “ದಾಮೋದರೇಟ್ಟಾ, ಏಳಿ” ಎಂದ. ನಲವತ್ತು ವರ್ಷದ ಕುರ್ಚಿ ಹೋಯಿತೆಂದು ದಾಮೋದರಣ್ಣ ಎದ್ದರು. ಮುದಲಾಳಿ ಕುರ್ಚಿಯನ್ನು ತಾನೇ ಎತ್ತಿ, ಕೈಗಾಡಿಗಳ ಗಡಗಡ ಇರುವ ಬಾಗಿಲಿನಿಂದ ಒಯ್ದು, ಮಳಿಗೆಯ ಒಳಗೋಡೆಯ ಪಕ್ಕ, ಸದ್ದಿಲ್ಲದ ಕಡೆ ಇಟ್ಟ. ಅಲ್ಲಿ ಮುಖ ನೋಡಲು ಯಾರೂ ಬರುವುದಿಲ್ಲ. ದಾಮೋದರಣ್ಣನಿಗೆ ಒಂದೆರಡು ದಿನ ಬೇಸರವಾಯಿತು, ಸಭೆ ಕಳೆದುಕೊಂಡ ವೇಷಗಾರನ ಹಾಗೆ.

ಮೇ ತಿಂಗಳಲ್ಲಿ ಕುಸುಮಳ ಪತ್ರ ಬಂತು. ತೊಗಟೆ ಮಾತ್ರ ಅರೆದು ನೋಡಿದರೆ ಕಾಡಿಗೂ ಬಾಟಲಿಗೂ ಇದ್ದ ಅಂತರ ಕಡಿಮೆಯಾಗಿದೆ; ಪೂರ್ತಿ ಹೋಗಿಲ್ಲ. ಹನ್ನೆರಡು ಕುಂಡಗಳನ್ನು ಗಾಜಿನ ಮನೆಯಿಂದ ಹೊರಗೆ ಬಿಸಿಲಿಗೆ ಇಟ್ಟಿದ್ದಾಳೆ, ನೀರು ಎರಡು ದಿನಕ್ಕೊಮ್ಮೆ. “ನಿನ್ನೆ ಒಂದಕ್ಕೆ ಹುಳ ಬಂದಿದೆ. ಪಾಪ ಅನ್ನಿಸ್ತದೆ ಅಪ್ಪಾ. ಆದರೂ ತೆಗೆಯಲಿಲ್ಲ.”

ದಾಮೋದರಣ್ಣ ಊಟಕ್ಕೆ ಕೂತು ಅದನ್ನು ಗಟ್ಟಿಯಾಗಿ ಓದಿದರು. ರತ್ನಮ್ಮ ತಟ್ಟೆಯ ಬದಿಗೆ ಕರಿದ ಬಿಲ್ಲೆಯೊಂದನ್ನು ಇಟ್ಟರು. ದಾಮೋದರಣ್ಣ ಕಚ್ಚಿದರು, ಕರುಂ ಎಂದಿತು.

“ಇದು ಎಂತದು?”

“ಹಾಗಲಕಾಯಿ. ಒಣಗಿಸಿ ಕರಿದದ್ದು.”

“ಕಹಿ ಉಂಟಾ?”

ರತ್ನಮ್ಮ ಎದುರು ಕೂತು, ತಾವೂ ಒಂದು ಬಿಲ್ಲೆ ಬಾಯಿಗೆ ಹಾಕಿ ಬೆರಳು ಮಡಚಿದರು. ಒಂದು. ಎರಡು. ಮೂರು. ಹಾಗಲಕಾಯಿಯ ಕಹಿ ಒಂದಕ್ಕೇ ಬರುತ್ತದೆ, ಅವರು ತಡೆದುಕೊಂಡರು. ನಾಲ್ಕಕ್ಕೆ ಸರಿಯಾಗಿ ಅವರ ಎಡಗಣ್ಣು ಮುಚ್ಚಿತು, ಕಿವಿಯ ಓಲೆ ಹಿಂದಕ್ಕೆ ಸರಿಯಿತು, ಗಲ್ಲ ಒಳಗೆ ಹೋಯಿತು.

ಅದು ದಾಮೋದರಣ್ಣನ ಮುಖ. ಜ್ವರಕ್ಕೆ ಮೊದಲಿನದು, ಅಸಲಿದು. ಅದನ್ನು ಅವರು ಯಾವತ್ತೂ ಎದುರಿನಿಂದ ನೋಡಿರಲಿಲ್ಲ.

“ಅದೇ!” ಎಂದರು, ಎಂಜಲು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತ, ನಗುತ್ತ. “ಅದೇ ಮಾರಾಯ್ತಿ! ಇನ್ನೊಂದು ಸಲ ಮಾಡು.”